ಓಪನ್ ಸ್ಕೂಲಲ್ಲಿ 12ನೇ ಕ್ಲಾಸ್ ಕಟ್ಟಿ ಡಿಗ್ರಿ ಸೇರೋದು ಹೇಗೆ: ಕಾಲೇಜ್ ಗೇಟಿಂದ ಹಿಂದಕ್ಕೆ ಲೆಕ್ಕ ಹಾಕಿ

ಪಿಯುಸಿ ಅರ್ಧಕ್ಕೆ ಬಿಟ್ಟೋರು, ಒಂದೆರಡು ಸಬ್ಜೆಕ್ಟ್ ಹೋಗಿ ಮತ್ತೆ ಕಟ್ಟದೇ ಕೆಲಸಕ್ಕೆ ಸೇರ್ಕೊಂಡೋರು, ಮದುವೆ ಆಗಿ ಓದು ನಿಂತೋದೋರು, ಇವ್ರೆಲ್ಲ ನನ್ನ ಹತ್ರ ಮೊದಲು ಕೇಳೋದು ಒಂದೇ ಪ್ರಶ್ನೆ, "ಎನ್‌ಐಓಎಸ್ ಕಷ್ಟನಾ?" ಅಂತ. ಓದೋದು ಅಷ್ಟೇನೂ ಕಷ್ಟ ಇಲ್ಲ ಕಣ್ರೀ. ಜನ ಮುಗ್ಗರಿಸೋದು ತಾರೀಖಲ್ಲಿ, ಫಾರಂನಲ್ಲಿ, ಸಬ್ಜೆಕ್ಟ್ ಆರಿಸ್ಕೊಳ್ಳೋದ್ರಲ್ಲಿ. ನಾನು ದ್ವಿತೀಯ ಪಿಯುಸಿಲಿ ಎರಡು ಸಬ್ಜೆಕ್ಟ್ ಕಳ್ಕೊಂಡು ಆರು ವರ್ಷ ಅಂಗಡಿ ಕೆಲಸ ಮಾಡಿ ಆಮೇಲೆ ಇದನ್ನ ಕಟ್ಟಿದವನು, ಈಗ ಬಿಕಾಂ ಮುಗಿದಿದೆ, ಹಾಗಾಗಿ ಎಲ್ಲೆಲ್ಲಿ ಗುಂಡಿ ಇದೆ ಅಂತ ಬಿದ್ದೇ ಗೊತ್ತು.

ಮೊದಲು ಇದೇನು ಅಂತ ಹೇಳ್ಬಿಡ್ತೀನಿ. ಎನ್‌ಐಓಎಸ್ ಅಂದ್ರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಕೇಂದ್ರ ಸರ್ಕಾರದ್ದು, ಹೆಡ್ ಆಫೀಸ್ ನೊಯ್ಡಾದಲ್ಲಿ, ಬೆಂಗಳೂರಲ್ಲೂ ಒಂದು ಪ್ರಾದೇಶಿಕ ಕೇಂದ್ರ ಇದೆ. 1979ರಲ್ಲಿ ಸಿಬಿಎಸ್‌ಇ ಒಳಗೇ ಒಂದು ಪ್ರಾಜೆಕ್ಟ್ ಆಗಿ ಶುರುವಾಗಿ, 1989ರಲ್ಲಿ ಬೇರೆ ಸಂಸ್ಥೆ ಆಯ್ತು. ಅದರ ಸೀನಿಯರ್ ಸೆಕೆಂಡರಿ ಸರ್ಟಿಫಿಕೇಟು ನಮ್ಮ ಪಿಯುಸಿಗೆ, ಸಿಬಿಎಸ್‌ಇ 12ನೇ ಕ್ಲಾಸಿಗೆ ಸಮ. ದಿನಾ ಕ್ಲಾಸಿಗೆ ಹೋಗ್ಬೇಕಾಗಿಲ್ಲ, ಮನೇಲಿ ಓದಿ ಪರೀಕ್ಷೆ ಬರೆಯೋದು. ಸೇರೋಕೆ 15 ವರ್ಷ ಆಗಿರಬೇಕು, ಎಸ್‌ಎಸ್‌ಎಲ್‌ಸಿ ಪಾಸಾಗಿರಬೇಕು, ಗರಿಷ್ಠ ವಯಸ್ಸು ಅಂತ ಇಲ್ಲ. ಒಂದು ಸಲ ಅಡ್ಮಿಷನ್ ಆದ್ರೆ 5 ವರ್ಷ ನಡೆಯುತ್ತೆ, ಅದರೊಳಗೆ 9 ಸಲ ಪರೀಕ್ಷೆ ಬರೆಯೋಕೆ ಅವಕಾಶ. ಐದೂ ಸಬ್ಜೆಕ್ಟ್ ಒಟ್ಟಿಗೇ ಬರೀಬೇಕು ಅಂತೇನಿಲ್ಲ, ಎರಡೆರಡು ಮಾಡಿ ಕಟ್ಕೊಂಡು ಹೋಗ್ಬಹುದು, ಪಾಸಾಗಿದ್ದು ಹಾಗೇ ಜಮಾ ಆಗಿರುತ್ತೆ.

ಇಂಗ್ಲಿಷ್ ಆಗೋದೇ ಇಲ್ಲ, ಕನ್ನಡದಲ್ಲೇ ಬರೀಬೇಕು ಅನ್ನೋರು ಇನ್ನೊಂದು ದಾರೀನೂ ನೋಡಿ. ಕಲಾ ಮತ್ತು ವಾಣಿಜ್ಯ ವಿಭಾಗಕ್ಕೆ ಖಾಸಗಿ ಅಭ್ಯರ್ಥಿಯಾಗಿ ನೇರವಾಗಿ ದ್ವಿತೀಯ ಪಿಯುಸಿ ಪರೀಕ್ಷೆಗೇ ಕಟ್ಟಬಹುದು. ಅದರ ನಿಯಮ, ಫಾರಂ ಎಲ್ಲ ಬೇರೆ, ಹತ್ತಿರದ ಸರ್ಕಾರಿ ಪಿಯು ಕಾಲೇಜಲ್ಲಿ ಹೋಗಿ ಕೇಳಿದ್ರೆ ಹೇಳ್ತಾರೆ. ಇಲ್ಲಿ ನಾನು ಓಪನ್ ಸ್ಕೂಲ್ ಬಗ್ಗೆ ಮಾತ್ರ ಬರೀತೀನಿ.

ಮೊದಲ್ನೇ ಕೆಲಸ: ಕಾಲೇಜ್ ಗೇಟಿಗೆ ಹೋಗಿ ನಿಂತ್ಕೊಳ್ಳಿ

ಹೌದು, ಅಡ್ಮಿಷನ್ ಫಾರಂ ತುಂಬೋಕೆ ಮುಂಚೇನೇ. ಯಾವ ಡಿಗ್ರಿ ಬೇಕು ಅಂತ ತೀರ್ಮಾನ ಮಾಡಿ, ಆ ಡಿಗ್ರಿ ಕೊಡೋ ಎರಡು ಮೂರು ಕಾಲೇಜಿನ ಆಫೀಸಲ್ಲಿ ಇಲ್ಲಾ ವೆಬ್‌ಸೈಟಲ್ಲಿ ಮೂರು ವಿಷಯ ತಿಳ್ಕೊಂಡು ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. 12ನೇ ಕ್ಲಾಸಲ್ಲಿ ಯಾವ್ಯಾವ ಸಬ್ಜೆಕ್ಟ್ ಇರಲೇಬೇಕು, ಕನಿಷ್ಠ ಎಷ್ಟು ಪರ್ಸೆಂಟ್ ಬೇಕು, ಬೇರೆ ಬೋರ್ಡಿನಿಂದ ಬಂದೋರಿಗೆ ಏನೇನು ಪೇಪರ್ ಕೇಳ್ತಾರೆ. ಇಷ್ಟು ಸಾಕು.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಓಪನ್ ಸ್ಕೂಲಲ್ಲಿ ಸೈನ್ಸ್, ಕಾಮರ್ಸ್, ಆರ್ಟ್ಸ್ ಅಂತ ಗೋಡೆ ಇಲ್ಲ, ಫಿಸಿಕ್ಸ್ ಜೊತೆ ಪೇಂಟಿಂಗ್ ತಗೊಂಡ್ರೂ ಯಾರೂ ಕೇಳಲ್ಲ, ಆದ್ರೆ ಆಮೇಲೆ ಯುನಿವರ್ಸಿಟಿಯೋರು ಕೇಳ್ತಾರೆ. ನಮ್ಮ ಬ್ಯಾಚಲ್ಲಿ ಒಬ್ಬ ಹುಡುಗ ಸುಲಭ ಅಂತ ಹೋಮ್ ಸೈನ್ಸ್, ಪೇಂಟಿಂಗ್, ಸೋಷಿಯಾಲಜಿ ತಗೊಂಡು 78% ಮಾಡಿದ, ಪಾಪ ಅವನಿಗೆ ಬೇಕಾಗಿದ್ದು ಬಿಸಿಎ, ಅವನು ಹೋಗಿದ್ದ ಕಾಲೇಜು ಮ್ಯಾಥ್ಸ್ ಇಲ್ಲಾ ಕಂಪ್ಯೂಟರ್ ಕೇಳ್ತು, ಮತ್ತೆ ಮ್ಯಾಥ್ಸ್ ಒಂದೇ ಸಬ್ಜೆಕ್ಟ್ ಕಟ್ಟೋಕೆ ಒಂದು ವರ್ಷ ಹೋಯ್ತು. ಇಂಜಿನಿಯರಿಂಗ್ ಅಂದ್ರೆ ಫಿಸಿಕ್ಸ್ ಮ್ಯಾಥ್ಸ್ ಬಿಡೋ ಹಾಗೇ ಇಲ್ಲ, ಜೆಇಇ ಮೇನ್ ಬರೆಯೋರು ಎನ್‌ಐಓಎಸ್‌ನಲ್ಲಿ ಕಡಿಮೆ ಅಂದ್ರೂ 5 ಸಬ್ಜೆಕ್ಟ್ ಪಾಸಾಗಿರಬೇಕು, ಎನ್‌ಐಟಿ ಸೀಟಿಗೆ 75% ನಿಯಮಾನೂ ಇದೆ. ನೀಟ್ ಕಡೆ ಹೋಗೋರಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಜೊತೆಗೆ ಇಂಗ್ಲಿಷ್ ಕೂಡ ಬೇಕೇ ಬೇಕು, ಇಂಗ್ಲಿಷ್ ಮರೆಯೋರು ಜಾಸ್ತಿ. ಸಿಇಟಿ ಬರೆಯೋರು ಕರ್ನಾಟಕದಲ್ಲಿ ಎಷ್ಟು ವರ್ಷ ಓದಿದ್ದೀವಿ ಅನ್ನೋ ವ್ಯಾಸಂಗ ಪ್ರಮಾಣಪತ್ರನ ಹಳೇ ಸ್ಕೂಲಿಂದ ಈಗ್ಲೇ ತೆಗೆಸಿಟ್ಕೊಳ್ಳಿ, ಹೆಡ್‌ಮಾಸ್ಟರ್ ರಜೆ, ರಿಜಿಸ್ಟರ್ ಸಿಗ್ತಿಲ್ಲ ಅಂತ ಓಡಾಡ್ಸೋದು ಕೊನೇ ವಾರದಲ್ಲೇ.

ಸಬ್ಜೆಕ್ಟ್ ಆರಿಸೋದು

ಒಟ್ಟು 5 ಸಬ್ಜೆಕ್ಟ್, ಅದ್ರಲ್ಲಿ ಭಾಷೆ ಒಂದಾದ್ರೂ ಇರಬೇಕು, ಎರಡರ ಮೇಲೆ ಇರಬಾರದು. ಬೇಕಿದ್ರೆ ಮೇಲೆ ಇನ್ನೆರಡು ಹೆಚ್ಚುವರಿ ತಗೋಬಹುದು. ಪ್ರತಿ ಸಬ್ಜೆಕ್ಟಿಗೂ ಒಂದು ಕೋಡ್ ಇರುತ್ತೆ, ಇಂಗ್ಲಿಷ್ 302, ಮ್ಯಾಥ್ಸ್ 311, ಇಕನಾಮಿಕ್ಸ್ 318, ಬಿಸಿನೆಸ್ ಸ್ಟಡೀಸ್ 319, ಅಕೌಂಟೆನ್ಸಿ 320 ಹೀಗೆ. ಈ ಕೋಡ್ ಬಾಯಿಪಾಠ ಆಗಿರ್ಲಿ, ಪುಸ್ತಕ ಡೌನ್‌ಲೋಡ್ ಮಾಡೋವಾಗ, ಅಸೈನ್‌ಮೆಂಟ್ ಹಾಕೋವಾಗ, ಟೈಮ್‌ಟೇಬಲ್ ನೋಡೋವಾಗ ಎಲ್ಲ ಕಡೆ ಅದೇ. 10ನೇ ಕ್ಲಾಸಿನ ಕೋಡ್ 2ರಿಂದ ಶುರುವಾಗುತ್ತೆ, 12ನೇದು 3ರಿಂದ. ಇಂಗ್ಲಿಷ್ 202 ಪುಸ್ತಕ ಇಟ್ಕೊಂಡು ಒಂದು ತಿಂಗಳು ಓದಿ "ಏನ್ ಇಷ್ಟು ಸುಲಭ" ಅಂದೋರನ್ನೂ ನೋಡಿದ್ದೀನಿ.

ನಾನು ತಗೊಂಡಿದ್ದು 302, 318, 319, 320, ಐದನೇದು ಡೇಟಾ ಎಂಟ್ರಿ ಆಪರೇಷನ್ಸ್ 336. ಡೇಟಾ ಎಂಟ್ರಿಲಿ ಪ್ರಾಕ್ಟಿಕಲ್ಲಿಗೇ ಜಾಸ್ತಿ ಅಂಕ, ಅಂಗಡೀಲಿ ಬಿಲ್ ಹೊಡೆದೂ ಹೊಡೆದೂ ಕೈ ಪಳಗಿತ್ತು, ಹಾಗಾಗಿ ತಗೊಂಡೆ. ಆದ್ರೆ ಕೆಲವು ಕಡೆ ಇಂಥ ಸಬ್ಜೆಕ್ಟನ್ನ ಪರ್ಸೆಂಟೇಜ್ ಲೆಕ್ಕಕ್ಕೆ ಹಿಡಿಯಲ್ಲ, ಇದನ್ನೂ ಕಾಲೇಜಲ್ಲಿ ಕೇಳೋ ಪಟ್ಟಿಗೆ ಸೇರಿಸ್ಕೊಳ್ಳಿ.

ಪಿಯುಸಿಲಿ ಕೆಲವು ಸಬ್ಜೆಕ್ಟ್ ಪಾಸಾಗಿದೆ ಅನ್ನೋರಿಗೆ ಟಿಓಸಿ ಅಂತ ಒಂದಿದೆ, ಹಳೇ ಅಂಕ ವರ್ಗಾವಣೆ ಮಾಡ್ಕೊಳ್ಳೋದು, ಗರಿಷ್ಠ 2 ಸಬ್ಜೆಕ್ಟ್. ಹಳೇದು ಮಾನ್ಯತೆ ಇರೋ ಬೋರ್ಡಿಂದು ಆಗಿರಬೇಕು, ತೀರಾ ಹಳೇದಾಗಿರಬಾರದು, 5 ವರ್ಷದೊಳಗೆ ಇರಬೇಕು. ನಂದು ದಾಟೋಗಿತ್ತು, ಸಿಗಲಿಲ್ಲ. ಸಿಗೋರಿಗೂ ಒಂದು ಮಾತು, 38 ಅಂಕ ಬಂದಿರೋ ಸಬ್ಜೆಕ್ಟನ್ನ ವರ್ಗಾಯಿಸಿ ಒಂದು ಪರೀಕ್ಷೆ ಉಳಿಸಿದೆ ಅಂತ ಖುಷಿಪಟ್ರೆ ಆ 38 ಮಾರ್ಕ್ಸ್ ಕಾರ್ಡಲ್ಲಿ ಕೂತು ನಿಮ್ಮ ಪರ್ಸೆಂಟೇಜನ್ನ ಕೆಳಗೆ ಎಳೀತಾ ಇರುತ್ತೆ. 60ರ ಮೇಲಿದ್ರೆ ತನ್ನಿ, ಇಲ್ಲಾಂದ್ರೆ ಹೊಸದಾಗಿ ಬರೀರಿ.

ಅಡ್ಮಿಷನ್, ಮತ್ತೆ ಆ ಇನಿಷಿಯಲ್ ತಲೆನೋವು

ಅಡ್ಮಿಷನ್ ಪೂರ್ತಿ ಆನ್‌ಲೈನ್, ವರ್ಷಕ್ಕೆ ಎರಡು ಬ್ಲಾಕ್. ಮಾರ್ಚ್ ಮಧ್ಯದಿಂದ ಶುರುವಾಗೋ ಬ್ಲಾಕಲ್ಲಿ ಸೇರಿದ್ರೆ ಮೊದಲ ಪರೀಕ್ಷೆ ಮುಂದಿನ ವರ್ಷ ಏಪ್ರಿಲ್-ಮೇನಲ್ಲಿ, ಸೆಪ್ಟೆಂಬರಿಂದ ಶುರುವಾಗೋದ್ರಲ್ಲಿ ಸೇರಿದ್ರೆ ಮುಂದಿನ ಅಕ್ಟೋಬರ್-ನವೆಂಬರಲ್ಲಿ. ಬೇರೆ ಬೋರ್ಡಲ್ಲಿ ಫೇಲಾದೋರಿಗೆ ಸ್ಟ್ರೀಮ್ 2 ಅಂತ ಬೇರೆ ಬಾಗಿಲು ಇದೆ, ಬೇಗ ಬರೆಯೋಕೆ ಬಿಡ್ತಾರೆ. ಒಂದೊಂದೇ ಸಬ್ಜೆಕ್ಟ್ ಪ್ರಾದೇಶಿಕ ಕೇಂದ್ರದಲ್ಲಿ ಹೋಗಿ ಬರೆಯೋ ಆನ್ ಡಿಮಾಂಡ್ ಪರೀಕ್ಷೆನೂ ಇದೆ.

ಎಸ್‌ಎಸ್‌ಎಲ್‌ಸಿ ಪಾಸಾಗಿ ಎರಡು ವರ್ಷ ಆಗಿರದೇ ಇದ್ರೆ ಸರ್ಟಿಫಿಕೇಟ್ ಪೂರ್ತಿ ಸಿಗಲ್ಲ, ಒಂದು ವರ್ಷಕ್ಕೇ ಬರೀತೀನಿ ಅಂದ್ರೆ 4 ಸಬ್ಜೆಕ್ಟ್ ಮಾತ್ರ. "ಈಗ ಎಸ್‌ಎಸ್‌ಎಲ್‌ಸಿ ಆಯ್ತು, 6 ತಿಂಗಳಲ್ಲಿ 12ನೇದು ಕೊಡ್ಸ್ತೀವಿ" ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ, ದುಡ್ಡೂ ಹೋಗುತ್ತೆ, ಸರ್ಟಿಫಿಕೇಟೂ ನಕಲಿ.

ಈಗ ಹೆಸರಿನ ವಿಷಯ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಮಂಜುನಾಥ ಎಸ್ ಅಂತಿರುತ್ತೆ, ಆಧಾರಲ್ಲಿ ಮಂಜುನಾಥ ಶಿವಣ್ಣ ಅಂತಿರುತ್ತೆ, ಬ್ಯಾಂಕಲ್ಲಿ ಎಸ್ ಮಂಜುನಾಥ. ನಮ್ ಕಣ್ಣಿಗೆ ಮೂರೂ ಒಬ್ನೇ ಮನುಷ್ಯ, ಕಂಪ್ಯೂಟರಿಗೆ ಮೂರು ಜನ. ಮೊದಲು ಆಧಾರನ್ನ ಎಸ್‌ಎಸ್‌ಎಲ್‌ಸಿ ಕಾರ್ಡಲ್ಲಿ ಇರೋ ಹಾಗೇ, ಒಂದು ಸ್ಪೇಸ್ ಕೂಡ ವ್ಯತ್ಯಾಸ ಇಲ್ಲದೇ ತಿದ್ದಿಸ್ಕೊಂಡು ಆಮೇಲೆ ಅಡ್ಮಿಷನ್ ಮಾಡಿ. ತಂದೆ ತಾಯಿ ಹೆಸರು, ಹುಟ್ಟಿದ ದಿನಾನೂ ಅಷ್ಟೇ. ಇದಾದ್ಮೇಲೆ ತಿದ್ದೋದು ಅಂದ್ರೆ ಅಫಿಡವಿಟ್ಟು, ನೋಟರಿ, ಫೀಸು, ಬೇಡ.

ಸ್ಟಡಿ ಸೆಂಟರ್ ಅಂದ್ರೆ ಎನ್‌ಐಓಎಸ್ ಪರವಾಗಿ ಸಂಪರ್ಕ ತರಗತಿ, ಪ್ರಾಕ್ಟಿಕಲ್ ನೋಡ್ಕೊಳ್ಳೋ ಶಾಲೆ, ಅದನ್ನ ಆರಿಸೋವಾಗ ಮನೆಗೆ ಹತ್ರ ಇರೋದು ಅಂತ ಮಾತ್ರ ನೋಡ್ಬೇಡಿ, ಒಂದು ದಿನ ಹೋಗಿ ಬನ್ನಿ. ಫೋನ್ ಎತ್ತಾರಾ, ಪ್ರಾಕ್ಟಿಕಲ್ ಲ್ಯಾಬ್ ಇದೆಯಾ, ಶನಿವಾರ ಭಾನುವಾರ ಸಂಪರ್ಕ ತರಗತಿ ನಿಜವಾಗ್ಲೂ ಮಾಡ್ತಾರಾ ನೋಡಿ. ಯಾಕಂದ್ರೆ ಕೊನೇಲಿ ಮಾರ್ಕ್ಸ್ ಕಾರ್ಡು, ಮೈಗ್ರೇಷನ್ನು (ಈ ಬೋರ್ಡ್ ಬಿಟ್ಟು ಬೇರೆ ಕಡೆ ಸೇರೋಕೆ ಕೊಡೋ ಸರ್ಟಿಫಿಕೇಟು) ಅಲ್ಲಿಂದಾನೇ ಇಸ್ಕೋಬೇಕು.

ನಾನು ಒಂದು ಸೆಷನ್ ಕಳ್ಕೊಂಡ ಕಥೆ

ಅಡ್ಮಿಷನ್ ಫೀ ಕಟ್ಟಿದೆ, ಎನ್‌ರೋಲ್‌ಮೆಂಟ್ ನಂಬರ್ ಬಂತು, ಪುಸ್ತಕ ಪೋಸ್ಟಲ್ಲಿ ಬಂತು, ಕೂತು ಓದಿದೆ. ಮಾರ್ಚ್ ಕೊನೇಲಿ ಹಾಲ್ ಟಿಕೆಟ್ ಡೌನ್‌ಲೋಡ್ ಮಾಡೋಕೆ ಹೋದ್ರೆ ನನ್ನ ನಂಬರೇ ತೋರಿಸ್ತಿಲ್ಲ. ಸ್ಟಡಿ ಸೆಂಟರಿಗೆ ಓಡಿದೆ, ಅಲ್ಲಿ ಕೂತಿದ್ದ ಮೇಡಂ ಕನ್ನಡಕದ ಮೇಲಿಂದ ನೋಡಿ "ಎಕ್ಸಾಮ್ ಫೀ ಕಟ್ಟಿದ್ದೀಯೇನಪ್ಪಾ?" ಅಂದ್ರು. ಅದು ಬೇರೆ, ಇದು ಬೇರೆ ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ಪರೀಕ್ಷೆ ಶುಲ್ಕ ಪ್ರತಿ ಸಬ್ಜೆಕ್ಟಿಗೂ, ಪ್ರಾಕ್ಟಿಕಲ್ ಇದ್ರೆ ಅದಕ್ಕೆ ಮತ್ತೆ ಬೇರೆ, ಪರೀಕ್ಷೆಗೆ ಮೂರ್ನಾಲ್ಕು ತಿಂಗಳ ಮುಂಚೇನೇ ಕಟ್ಟೋ ಕಿಟಕಿ ತೆಗೆದು ಮುಚ್ಚೋಗುತ್ತೆ, ಯಾರೂ ಮನೆಗೆ ಬಂದು ಹೇಳಲ್ಲ. ಆರು ತಿಂಗಳು ಕಾಯ್ದೆ. ಈಗ ಯಾರಾದ್ರೂ ಸೇರ್ತೀನಿ ಅಂದ್ರೆ ಅವರ ಫೋನಲ್ಲಿ ನಾನೇ ಮೂರು ಅಲಾರಂ ಹಾಕಿ ಕೊಡ್ತೀನಿ, ಎಕ್ಸಾಮ್ ಫೀ, ಅಸೈನ್‌ಮೆಂಟ್, ಹಾಲ್ ಟಿಕೆಟ್.

ಯಾವ ಸೆಷನ್ ಒಳ್ಳೇದು ಅಂತಾನೂ ಇಲ್ಲೇ ಹೇಳ್ಬಿಡ್ತೀನಿ, ನನ್ನ ಓಟು ಅಕ್ಟೋಬರಿಗೆ. ಏಪ್ರಿಲ್-ಮೇ ಪರೀಕ್ಷೆ ಬರೆದ್ರೆ ರಿಸಲ್ಟ್ ಬರೋ ಹೊತ್ತಿಗೆ ಜೂನ್, ಆಗ ಡಿಗ್ರಿ ಕಾಲೇಜಲ್ಲಿ ಫಾರಂ ಕೊಡೋದು ಜೋರಾಗಿ ನಡೀತಿರುತ್ತೆ, ನಿಮ್ಮ ಕೈಲಿ ಬರೀ ಇಂಟರ್ನೆಟ್ ಪ್ರಿಂಟ್, ಒರಿಜಿನಲ್ ಇನ್ನೂ ದಾರೀಲಿ, ಸಾಲದ್ದಕ್ಕೆ ಸಿಇಟಿ, ಸಿಯುಇಟಿ (ಕೇಂದ್ರೀಯ ಯುನಿವರ್ಸಿಟಿಗಳ ಪ್ರವೇಶ ಪರೀಕ್ಷೆ) ಎಲ್ಲ ಅದೇ ತಿಂಗಳುಗಳಲ್ಲಿ. ಅಕ್ಟೋಬರಲ್ಲಿ ಬರೆದ್ರೆ ಮುಂದಿನ ಜೂನ್ ಒಳಗೆ ಎಲ್ಲ ಕಾಗದ ಕೈಲಿ ಇರುತ್ತೆ, ಒಂದು ಸಬ್ಜೆಕ್ಟ್ ಹೋದ್ರೂ ಏಪ್ರಿಲಲ್ಲಿ ಕಟ್ಟೋಕೆ ಇನ್ನೊಂದು ಅವಕಾಶ ಉಳಿದಿರುತ್ತೆ.

ಟಿಎಂಎ ಅನ್ನೋ ಪುಕ್ಕಟೆ ಅಂಕ

ಟಿಎಂಎ ಅಂದ್ರೆ ಮನೇಲಿ ಬರೆದು ಕೊಡೋ ಅಸೈನ್‌ಮೆಂಟು. ಥಿಯರಿ ಅಂಕದಲ್ಲಿ 20% ಇದರದ್ದು. ಪ್ರತಿ ಸಬ್ಜೆಕ್ಟಿಗೆ 6 ಪ್ರಶ್ನೆ, ಮೊದಲ ಮೂರಕ್ಕೆ ಎರಡೆರಡು ಅಂಕ, ಆಮೇಲೆ ಎರಡಕ್ಕೆ ನಾಲ್ಕು ನಾಲ್ಕು, ಕೊನೇದು ಪ್ರಾಜೆಕ್ಟ್ ಥರ, 6 ಅಂಕ, ಒಟ್ಟು 20. ಪ್ರತಿಯೊಂದಕ್ಕೂ ಎ ಇಲ್ಲಾ ಬಿ ಅಂತ ಆಯ್ಕೆ ಕೊಟ್ಟಿರ್ತಾರೆ. ಕೊಡದೇ ಇದ್ರೆ 100ರ ಆಟದಲ್ಲಿ 80ಕ್ಕೇ ಆಡಿದ ಹಾಗೆ. ಏಪ್ರಿಲ್ ಪರೀಕ್ಷೆಗೆ ಸಾಮಾನ್ಯವಾಗಿ ಜನವರಿ ಕೊನೆ, ಅಕ್ಟೋಬರಿಗೆ ಜುಲೈ ಕೊನೆ ಗಡುವು, ವಿಸ್ತರಣೆ ಆಗುತ್ತೆ ಅಂತ ನಂಬ್ಕೊಂಡು ಕೂರ್ಬೇಡಿ.

ಯೂಟ್ಯೂಬಲ್ಲಿ ರೆಡಿ ಉತ್ತರ ಸಿಗುತ್ತೆ, ಎಲ್ರೂ ಅದನ್ನೇ ಕಾಪಿ ಹೊಡೀತಾರೆ, ತಿದ್ದೋರಿಗೂ ಗೊತ್ತು. ನೀವೇ ಬರೀರಿ, ಕೈಬರಹದಲ್ಲಿ. ಬಿಸಿನೆಸ್ ಸ್ಟಡೀಸ್ ಪ್ರಾಜೆಕ್ಟಿಗೆ ನಾನು ನಮ್ಮ ಅಂಗಡಿಗೆ ಮಾಲು ಎಲ್ಲಿಂದ ಬರುತ್ತೆ, ಸಾಲ ಎಷ್ಟು ದಿನ, ವಾಪಸ್ ಹೋಗೋ ಡ್ಯಾಮೇಜ್ ಮಾಲಿಗೆ ಕ್ರೆಡಿಟ್ ನೋಟ್ ಹೇಗೆ ಮಾಡ್ತಾರೆ ಅಂತ ಬರೆದು, ಒಂದು ಬಿಲ್ಲಿನ ಜೆರಾಕ್ಸಲ್ಲಿ ಹೆಸರು ಮುಚ್ಚಿ ಅಂಟಿಸಿದ್ದೆ, ಒಳ್ಳೇ ಅಂಕ ಬಂತು. ಕೆಲಸ ಮಾಡೋರಿಗೆ ಇದೊಂದು ಲಾಭ, ಹದಿನೇಳು ವರ್ಷದ ಹುಡುಗ್ರಿಗಿಂತ ಇಕನಾಮಿಕ್ಸು, ವ್ಯವಹಾರ ಬೇಗ ತಲೆಗೆ ಹೋಗುತ್ತೆ.

ಓದೋದು

ಪುಸ್ತಕ ದಪ್ಪ ನೋಡಿ ಹೆದರ್ಬೇಡಿ. ಈಗ ಪಾಠಗಳನ್ನ ಎರಡು ಭಾಗ ಮಾಡಿದ್ದಾರೆ, ಸುಮಾರು 40% ಪಾಠ ಟಿಎಂಎಗೆ, ಉಳಿದ 60% ಪಬ್ಲಿಕ್ ಪರೀಕ್ಷೆಗೆ. ಯಾವ ಪಾಠ ಎಲ್ಲಿಗೆ ಅನ್ನೋ ಪಟ್ಟಿ ವೆಬ್‌ಸೈಟಲ್ಲಿ ಸಬ್ಜೆಕ್ಟ್ ಪ್ರಕಾರ ಇದೆ. ಅದನ್ನ ಪ್ರಿಂಟ್ ತೆಗೆದು ಪುಸ್ತಕದ ಪರಿವಿಡಿ ಮೇಲೆ ಪೆನ್ಸಿಲಲ್ಲಿ ಟಿಕ್ ಹಾಕಿ, ಆಗಲೇ ಅರ್ಧ ಭಾರ ಇಳಿಯುತ್ತೆ. ಇದನ್ನ ನೋಡದೇ ಮೊದಲ ಪುಟದಿಂದ ಕೊನೇ ಪುಟದವರೆಗೆ ಓದಿ ಸುಸ್ತಾಗಿ ಬಿಟ್ಟೋರು ಬಹಳ ಜನ.

ಈಗಿನ ಪತ್ರಿಕೇಲಿ ಸುಮಾರು ಅರ್ಧ ಅಂಕ ಆಬ್ಜೆಕ್ಟಿವ್. ಅದಕ್ಕೆ ಬೇಕಾದ್ದು ಪುಸ್ತಕದ ಒಳಗೇ ಇದೆ, ಪ್ರತಿ ಪಾಠದ ಮಧ್ಯೆ ಸಣ್ಣ ಸಣ್ಣ ಪ್ರಶ್ನೆ ಬರುತ್ತೆ, ಉತ್ತರ ಪಾಠದ ಕೊನೇಲಿ ಇರುತ್ತೆ, ಅದನ್ನ ಯಾರೂ ಬಿಡಿಸಲ್ಲ, ನೀವು ಬಿಡಿಸಿ. ಪಾಠದ ಕೊನೇಲಿರೋ ದೊಡ್ಡ ಪ್ರಶ್ನೆಗಳು ಉಳಿದರ್ಧಕ್ಕೆ. ಆಮೇಲೆ ಹಿಂದಿನ ಪ್ರಶ್ನೆಪತ್ರಿಕೆ, ಕಡಿಮೆ ಅಂದ್ರೂ ನಾಲ್ಕು ಸೆಷನ್‌ದು. ಗೈಡು, ಕ್ರ್ಯಾಶ್ ಕೋರ್ಸು ಎಲ್ಲ ಇದಾದ್ಮೇಲೆ ದುಡ್ಡು ಮಿಕ್ಕಿದ್ರೆ.

ಕನ್ನಡ ಮೀಡಿಯಂನೋರಿಗೆ ನಾನು ಮಾಡಿದ ಉಪಾಯ ಹೇಳ್ತೀನಿ. ಇಕನಾಮಿಕ್ಸ್ ಇಂಗ್ಲಿಷಲ್ಲಿ ಓದಿದ್ರೆ ಏನೂ ತಲೆಗೆ ಹತ್ತುತ್ತಿರಲಿಲ್ಲ. ಪರಿಚಯದ ಹುಡುಗಿ ಹತ್ರ ಕನ್ನಡ ಮಾಧ್ಯಮದ ಪಿಯುಸಿ ಅರ್ಥಶಾಸ್ತ್ರ ಪುಸ್ತಕ ಇಸ್ಕೊಂಡು ಮೊದಲು ಅದೇ ಪಾಠ ಅದ್ರಲ್ಲಿ ಓದ್ತಿದ್ದೆ, ಬೇಡಿಕೆ ಸ್ಥಿತಿಸ್ಥಾಪಕತ್ವ ಅಂದ್ರೇನು ಅಂತ ಅರ್ಥ ಆದ್ಮೇಲೆ ಇಂಗ್ಲಿಷ್ ಪುಸ್ತಕ ತೆಗೆದ್ರೆ ಬರೀ ಪದ ಬದಲಾಗಿರುತ್ತೆ ಅಷ್ಟೇ. ನೋಟ್‌ಬುಕ್ಕಲ್ಲಿ ಎಡಗಡೆ ಕನ್ನಡ ಪದ, ಬಲಗಡೆ ಇಂಗ್ಲಿಷ್ ಪದ, ಎರಡು ತಿಂಗಳಲ್ಲಿ ಮುನ್ನೂರು ಪದ ಆಯ್ತು, ಅದೇ ನನ್ನ ಗೈಡು. ಪರೀಕ್ಷೇಲಿ ಇಂಗ್ಲಿಷ್ ಸಣ್ಣ ಸಣ್ಣ ವಾಕ್ಯದಲ್ಲಿ ಬರೀರಿ, ವ್ಯಾಕರಣ ಒಂದೆರಡು ಕಡೆ ಜಾರಿದ್ರೂ ವಿಷಯ ಇದ್ರೆ ಅಂಕ ಬರುತ್ತೆ, ಇಂಗ್ಲಿಷ್ ಪೇಪರ್ ಒಂದ್ರಲ್ಲಿ ಮಾತ್ರ ಹುಷಾರು.

ಕೆಲಸ ಮಾಡ್ಕೊಂಡು ಓದೋರು ದಿನಾ ಎರಡು ಗಂಟೆ ಸಾಕು, ಐದು ತಿಂಗಳು. ರಾತ್ರಿ ಊಟ ಆದ್ಮೇಲೆ ಅಕೌಂಟೆನ್ಸಿ ಹಿಡೀಬೇಡಿ, ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗದೇ ಇದ್ರೆ ನಿದ್ದೆನೂ ಬರಲ್ಲ. ಲೆಕ್ಕದ ಸಬ್ಜೆಕ್ಟ್ ಬೆಳಿಗ್ಗೆ, ಓದೋ ಸಬ್ಜೆಕ್ಟ್ ರಾತ್ರಿ. ಭಾನುವಾರ ಟೈಮ್ ಇಟ್ಕೊಂಡು ಒಂದು ಪೇಪರ್ ಪೂರ್ತಿ ಬರೀಬೇಕು, ಬಾಯಲ್ಲಿ ಹೇಳ್ಕೊಳ್ಳೋದಲ್ಲ, ಕೈಯಲ್ಲಿ. ಆರು ವರ್ಷ ಪೆನ್ ಹಿಡೀದೇ ಇದ್ದ ಕೈ ಒಂದು ಗಂಟೆಗೇ ಹಿಡ್ಕೊಂಡ್ಬಿಡುತ್ತೆ, ನಂಗೆ ಮೊದಲ ಭಾನುವಾರ ಹೆಬ್ಬೆರಳು ಮಡಚೋಕೇ ಆಗಿರ್ಲಿಲ್ಲ.

ಆ ಮೊದಲ ಭಾನುವಾರ ಇನ್ನೊಂದು ಗೊತ್ತಾಯ್ತು. ಬೇಡಿಕೆ ನಿಯಮ ಏನು ಅಂತ 2 ಅಂಕದ ಪ್ರಶ್ನೆ, ಗೊತ್ತಿರೋದೆಲ್ಲ ಬರೆದೆ, ಪಟ್ಟಿ, ನಕ್ಷೆ, ವಿನಾಯಿತಿ, ಒಂದೂವರೆ ಪುಟ, 11 ನಿಮಿಷ. ಕೊನೇಲಿ 6 ಅಂಕದ ಪ್ರಶ್ನೆಗೆ ಟೈಮೇ ಇಲ್ಲ. ಲೆಕ್ಕ ಹೀಗೆ ಇಟ್ಕೊಳ್ಳಿ, 3 ಗಂಟೆ ಅಂದ್ರೆ 180 ನಿಮಿಷ, ಪತ್ರಿಕೆ ಓದೋಕೆ 15, ಕೊನೇಲಿ ನೋಡೋಕೆ 10 ತೆಗೆದ್ರೆ 155 ಉಳೀತು, 100 ಅಂಕಕ್ಕೆ ಹಂಚಿದ್ರೆ ಒಂದು ಅಂಕಕ್ಕೆ ಒಂದೂವರೆ ನಿಮಿಷ. ಎರಡು ಅಂಕಕ್ಕೆ 3 ನಿಮಿಷ, ಆರು ಅಂಕಕ್ಕೆ 9. ಗಡಿಯಾರ ಮುಂದೆ ಇಟ್ಕೊಂಡು ಅಭ್ಯಾಸ ಆಗ್ಬೇಕು.

ಪರೀಕ್ಷೆ ದಿನಗಳು

ದಿನಗಳು ಅಂತ ಬಹುವಚನದಲ್ಲೇ ಹೇಳ್ತೀನಿ, ಯಾಕಂದ್ರೆ ಇದು ಒಂದು ತಿಂಗಳಿಗೂ ಮೇಲೆ ಎಳೆಯುತ್ತೆ. ಪ್ರಾಕ್ಟಿಕಲ್ ಮೊದಲು, ಥಿಯರಿ ಆಮೇಲೆ. ಎರಡಕ್ಕೂ ಹಾಲ್ ಟಿಕೆಟ್ ಬೇರೆ ಬೇರೆ ಸಮಯಕ್ಕೆ ಬರುತ್ತೆ, ಸೆಂಟರೂ ಬೇರೆ ಇರಬಹುದು. ಪ್ರಾಕ್ಟಿಕಲ್ಲಿಗೆ ಬ್ಯಾಚ್ ಪ್ರಕಾರ ದಿನ ಕೊಟ್ಟಿರ್ತಾರೆ, ರೆಕಾರ್ಡ್ ಪುಸ್ತಕ ಮರೀಬೇಡಿ, ಥಿಯರಿ ಪ್ರಾಕ್ಟಿಕಲ್ ಎರಡ್ರಲ್ಲೂ ಬೇರೆ ಬೇರೆಯಾಗಿ 33% ಬರಲೇಬೇಕು. ಥಿಯರಿಲಿ 70 ತೆಗೆದು ಪ್ರಾಕ್ಟಿಕಲ್ಲಿಗೆ ಹೋಗದೇ ಫೇಲಾಗೋದು ಅಂದ್ರೆ ಹೊಟ್ಟೆ ಉರಿಯುತ್ತೆ.

ಥಿಯರಿ ಸಾಮಾನ್ಯವಾಗಿ ಮಧ್ಯಾಹ್ನ 2:30ಕ್ಕೆ. ಕೆಲಸದಲ್ಲಿ ಇರೋರು ಅರ್ಧ ದಿನ ರಜೆ ಸಾಕು ಅನ್ಕೋಬೇಡಿ, ಪೂರ್ತಿ ರಜೆ ಹಾಕಿ, ಟೈಮ್‌ಟೇಬಲ್ ಬಂದ ದಿನವೇ ಮಾಲೀಕರಿಗೆ ತೋರಿಸಿ. ಹಿಂದಿನ ದಿನ ಸೆಂಟರ್ ಎಲ್ಲಿದೆ ನೋಡ್ಕೊಂಡು ಬನ್ನಿ. ಹಾಲ್ ಟಿಕೆಟ್ ಎರಡು ಪ್ರಿಂಟ್, ಆಧಾರ್ ಒರಿಜಿನಲ್, ಎರಡು ಪೆನ್ನು, ನೀರು. ಉತ್ತರ ಪತ್ರಿಕೆ ಮೇಲೆ ಎನ್‌ರೋಲ್‌ಮೆಂಟ್ ನಂಬರ್, ಸಬ್ಜೆಕ್ಟ್ ಕೋಡ್, ಪ್ರಶ್ನೆಪತ್ರಿಕೆಯ ಸೆಟ್ ಇವನ್ನ ಬರೆದು ಬೆರಳಿಟ್ಟು ಒಂದು ಸಲ ಓದಿ. ಕಣ್ಣು, ಕೈ ತೊಂದರೆ ಇರೋರಿಗೆ ಬರೆದುಕೊಡೋರು, ಹೆಚ್ಚುವರಿ ಸಮಯ ಸಿಗುತ್ತೆ, ಅದನ್ನ ಮೊದಲೇ ಅರ್ಜಿ ಹಾಕಿ ಮಾಡಿಸ್ಕೋಬೇಕು, ಆವತ್ತು ಕೇಳಿದ್ರೆ ಆಗಲ್ಲ.

ವಯಸ್ಸಿನ ಮುಜುಗರ ಬಿಡಿ. ನನ್ನ ಮುಂದಿನ ಬೆಂಚಲ್ಲಿ ನಲವತ್ತು ದಾಟಿದ ಅಮ್ಮ ಒಬ್ಬರು, ಪಕ್ಕದಲ್ಲಿ ಟ್ರ್ಯಾಕ್‌ಸೂಟ್ ಹಾಕ್ಕೊಂಡು ನೇರ ಪ್ರಾಕ್ಟೀಸಿಂದ ಬಂದ ಹುಡುಗ. ಇನ್ವಿಜಿಲೇಟರ್ ಆ ಅಮ್ಮನ್ನ "ಪೇರೆಂಟ್ಸ್ ಹೊರಗಡೆ ಇರಿ ಮೇಡಂ" ಅಂದ್ರು, ಅವ್ರು ಮಾತಾಡದೇ ಹಾಲ್ ಟಿಕೆಟ್ ತೆಗೆದು ತೋರಿಸಿದ್ರು.

ರಿಸಲ್ಟ್ ಆದ್ಮೇಲೆ

ಅಂಕ ಕಡಿಮೆ ಅನ್ಸಿದ್ರೆ ಮರುಎಣಿಕೆ, ಮರುಮೌಲ್ಯಮಾಪನಕ್ಕೆ ಹಾಕಬಹುದು, ಅದಕ್ಕೆ ಕೆಲವೇ ದಿನ ಗಡುವು. ಡಿಜಿಲಾಕರಲ್ಲಿ ಮಾರ್ಕ್ಸ್ ಕಾರ್ಡ್ ಬೇಗ ಸಿಗುತ್ತೆ, ಕಾಲೇಜಿಗೆ ಅರ್ಜಿ ಹಾಕೋಕೆ ಅದು ಸಾಕಾಗುತ್ತೆ. ಆದ್ರೆ ಸೀಟ್ ಖಾಯಂ ಮಾಡೋವಾಗ ಮೈಗ್ರೇಷನ್ ಕಂ ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಒರಿಜಿನಲ್ ಕೇಳ್ತಾರೆ. ಇಲ್ಲಿ ಒಂದು ಗೊಂದಲ ಆಗೇ ಆಗುತ್ತೆ, ಕಾಲೇಜಿನ ಗುಮಾಸ್ತರು "ಟಿಸಿ ಎಲ್ಲಿ?" ಅಂತಾರೆ, ಬೇರೆ ಟಿಸಿ ಅಂತ ಇರಲ್ಲ, ಈ ಒಂದೇ ಕಾಗದದಲ್ಲಿ ಎರಡೂ ಸೇರಿರುತ್ತೆ, ಅದರ ಮೇಲಿನ ಸಾಲು ಬೆರಳಿಟ್ಟು ತೋರಿಸಿ. ಜೊತೆಗೆ ನಮ್ಮ ರಾಜ್ಯದ ಯುನಿವರ್ಸಿಟಿಗಳಲ್ಲಿ ಬೇರೆ ಬೋರ್ಡಿನೋರಿಗೆ ಅರ್ಹತಾ ಪ್ರಮಾಣಪತ್ರ ಕೇಳೋದುಂಟು, ಅದನ್ನ ಯುನಿವರ್ಸಿಟಿ ಆಫೀಸಲ್ಲಿ ಫೀ ಕಟ್ಟಿ ತಗೋಬೇಕು, ಕಾಲೇಜ್ ಕೊಡಲ್ಲ.

ನಂಗೆ ಅಡ್ಮಿಷನ್ ಕೌಂಟರಲ್ಲಿ "ಓಪನ್ ಸ್ಕೂಲಾ? ನಡೆಯಲ್ಲ ಇದು" ಅಂದ್ರು. ವಾದ ಮಾಡ್ಲಿಲ್ಲ. ಮೊದಲ ದಿನ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದ ಪುಟ, ಅದರ ಹಿಂದೆ ಪಿನ್ ಹೊಡೆದಿದ್ದ ಅದೇ ಕಾಲೇಜಿನ ಪ್ರಾಸ್ಪೆಕ್ಟಸ್ ಪ್ರಿಂಟು, ಅದ್ರಲ್ಲಿ ತತ್ಸಮಾನ ಪರೀಕ್ಷೆ ಅಂತ ಇದ್ದ ಸಾಲಿಗೆ ಹಳದಿ ಹೈಲೈಟರ್. ಅವ್ರು ಓದಿ, ಒಳಗೆ ಹೋಗಿ ಪ್ರಿನ್ಸಿಪಾಲ್ ಹತ್ರ ಕೇಳ್ಕೊಂಡು ಬಂದು, ಚಲನ್ ಹರಿದು ಕೊಟ್ರು.